ಎರಡೂರಿನ ಹಾಲು, ಇಬ್ಬರು ದೇವಿಯರ ವಾರ

ಓದುವ ಎಲ್ಲರಿಗೂ ಕೈಮುಗಿದು ನಮಸ್ಕಾರ. ನಾನು ತಡವಾಗಿ ಕಲಿತವನು. ಎಮ್ಮೆ ಕಾಯುವುದು ಮುಗಿದು, ಮದುವೆಯೂ ಆದ ಮೇಲೆ ಹತ್ತನೇ ಇಯತ್ತೆ ಪಾಸಾದೆ. ಈಗಲೂ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತೇನೆ. ಒತ್ತು ಜಾರಿದ್ದರೆ, ಮಾತು ಹಿಂದುಮುಂದಾಗಿದ್ದರೆ ನಿಮ್ಮ ಮನೆಯವನೇ ಅಂತ ತಿಳಿದು ಹೊಟ್ಟೆಗೆ ಹಾಕಿಕೊಳ್ಳಿ.

ಇದು ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಆಗ ನಾನು ನಮ್ಮೂರ ಗ್ರಾಮ ಪಂಚಾಯತಿಯ ಮೆಂಬರ್ ಆಗಿದ್ದೆ. ನಮ್ಮೂರು ಚಿಕ್ಕೋಡಿ ತಾಲೂಕಿನ ಕಡೆಯ ಊರು. ಒಂದು ಹಳ್ಳ ದಾಟಿದರೆ ರಾಯಬಾಗ ತಾಲೂಕು. ಆಚೆ ಊರಿನ ಕೋಳಿ ಕೂಗಿದರೆ ನಮಗೆ ಎಚ್ಚರವಾಗುತ್ತಿತ್ತು. ಆದರೆ ಕಾಗದದ ಮೇಲೆ ನಾವು ಬೇರೆ, ಅವರು ಬೇರೆ. ನಮ್ಮ ಅರ್ಜಿ ಚಿಕ್ಕೋಡಿಗೆ ಹೋಗುತ್ತಿತ್ತು, ಅವರದು ರಾಯಬಾಗಕ್ಕೆ. ಎರಡೂ ಹೋದಲ್ಲೇ ಕೂತುಬಿಡುತ್ತಿದ್ದವು.

ಎರಡೂ ಊರಲ್ಲಿ ಕಬ್ಬು ಇತ್ತು, ಎಮ್ಮೆಗಳಿದ್ದವು. ಇಲ್ಲದ್ದು ಹಾಲಿಗೆ ಗಿರಾಕಿ. ಮುಂಜಾನೆಯ ಹಾಲನ್ನು ಒಬ್ಬ ಸೈಕಲ್ ಮೇಲೆ ಹತ್ತಿರದ ಅಂಕಲಿ ಊರಿಗೆ ಒಯ್ಯುತ್ತಿದ್ದ. ಸಂಜೆಯ ಹಾಲನ್ನು ಕೇಳುವವರೇ ಇರಲಿಲ್ಲ. ನಮ್ಮೂರಿಗೇ ಕೊಟ್ಟಿದ್ದ ನನ್ನ ಅಕ್ಕನ ಮನೆಯಲ್ಲಿ ಮೂರು ಎಮ್ಮೆ. ಭಾವನಿಗೆ ಸೊಂಟದ ನೋವು, ಹೊಲದ ಕೆಲಸ ಆಗುತ್ತಿರಲಿಲ್ಲ. ಸಂಸಾರ ನಡೆಯುತ್ತಿದ್ದುದೇ ಹಾಲಿನ ಮೇಲೆ.

"ತಮ್ಮಾ, ದಿನಾ ಸಂಜಿ ಹಾಲಿಗೆ ಹೆಪ್ಪ ಹಾಕೂದಽ ಆಗೇತಿ. ಈ ಮನ್ಯಾಗ ಮಜ್ಜಿಗಿ ಕುಡದು ಕುಡದು ಬೆಕ್ಕು ಸೈತ ಓಡಿ ಹೋತು ನೋಡು," ಅನ್ನುತ್ತಿದ್ದಳು ಅಕ್ಕ.

ಹಾಲು ಖರೀದಿಸುವವರ ಕಡೆಯ ಸಾಹೇಬರೊಬ್ಬರನ್ನು ಹೋಗಿ ಕೇಳಿದೆವು. "ಒಂದೂರಿನ ಹಾಲಿಗೆ ಟ್ಯಾಂಕರ್ ಕಳಸಾಕ ಬರೂದಿಲ್ರಿ. ಆಚೆ ಊರವರನ್ನೂ ಕರಕೊಂಡು ಬರ್ರಿ. ಎರಡೂ ಪಂಚಾಯತಿ ಕೂಡಿ ಒಂದು ಖೋಲಿ, ನೀರು, ಕರೆಂಟು ಕೊಡ್ರಿ. ಹಾಲು ತಂಪು ಮಾಡೋ ಟಾಕಿ ನಾವು ಇಡ್ತೀವಿ," ಅಂದರು.

ಎರಡು ಪಂಚಾಯತಿ ಕೂಡಿ ಕೂರುವುದನ್ನು ನಾವ್ಯಾರೂ ಕಂಡಿರಲಿಲ್ಲ. ಯಾರ ಆಫೀಸಿನಲ್ಲಿ ಕೂರುವುದು ಅನ್ನುವುದೇ ಮೊದಲ ತಕರಾರು. ಅವರ ಬಾಗಿಲಿಗೆ ನಾವು ಹೋಗುವುದಿಲ್ಲ, ನಮ್ಮ ಬಾಗಿಲಿಗೆ ಅವರು ಬರುವುದಿಲ್ಲ. ಕಡೆಗೆ ಹಳ್ಳದ ದಂಡೆಯ ಬೇವಿನ ಗಿಡದ ಕೆಳಗೆ ತಾಡಪತ್ರಿ ಹಾಸಿದೆವು. ನಮ್ಮ ಅಧ್ಯಕ್ಷರು ಹೆಣ್ಣುಮಗಳು, ಮಾತು ಚುರುಕು. ಅವರ ಅಧ್ಯಕ್ಷರು ವಯಸ್ಸಾದವರು, ಎಲ್ಲರಿಗೂ ಕಾಕಾ.

"ಕಾಕಾ, ನಿಮ್ಮೂರ ಹಾಲಿನಾಗ ಕೃಷ್ಣಾ ಹೊಳಿ ಹರೀತೈತಿ ಅಂತಾರಲ್ರಿ?" ಅಂತ ನಮ್ಮ ಅಧ್ಯಕ್ಷರೇ ಶುರು ಮಾಡಿದರು.

"ಹರೀಲಿ ಬಿಡವಾ. ನಿಮ್ಮೂರ ಹಾಲಿನಾಗ ಈ ಹಳ್ಳ ಬ್ಯಾಸಗಿಯೊಳಗೂ ಬತ್ತೂದಿಲ್ಲಂತ. ಎರಡೂ ಕೂಡಿದ್ರ ಸಂಗಮ ಆತು, ಎಲ್ಲಾರೂ ಜಳಕಾ ಮಾಡೂಣು," ಅಂದರು ಕಾಕಾ.

ನಗು ನಿಲ್ಲುವುದರೊಳಗೆ ಅರ್ಧ ಕೆಲಸ ಆಗಿತ್ತು. ಜಾಗ ಮತ್ತು ಕೋಣೆ ಅವರದು, ನೀರು ಮತ್ತು ಕರೆಂಟಿನ ಖರ್ಚು ನಮ್ಮದು. ಎರಡೂ ಪಂಚಾಯತಿಯಲ್ಲಿ ಒಂದೇ ದಿನ ಠರಾವು ಪಾಸಾಯಿತು. ಅಲ್ಲಿಯವರೆಗೆ ಪಂಚಾಯತಿ ಅಂದರೆ ಮೇಲಿನವರ ಮಾತಿಗೆ ಕಾಯುತ್ತಾ ಕೂರುವ ಜಾಗ ಅಂದುಕೊಂಡಿದ್ದೆ. ಅವತ್ತು ಮನೆಗೆ ನಡೆದು ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ನಾವು ಕೂತೆವು, ಮಾತಾಡಿದೆವು, ಆಯಿತು. ಇಷ್ಟು ಶಕ್ತಿ ನಮ್ಮ ಕೈಯಲ್ಲೇ ಇತ್ತೇ?

ಬೇಸಿಗೆಯಲ್ಲಿ ಟ್ಯಾಂಕರ್ ಬಂತು. ಬಿಸಿಲಿಗೆ ಹೊಳೆಯುವ ಆ ಬೆಳ್ಳಗಿನ ಹೊಟ್ಟೆಯ ಗಾಡಿಯನ್ನು ಜನ ಮುಟ್ಟಿ ಮುಟ್ಟಿ ನೋಡಿದರು. ಹೆಂಗಸರು ಅದರ ಗಾಲಿಗೆ ಕುಂಕುಮ ಹಚ್ಚಿದರು. ಸಂಜೆಯ ಹಾಲೂ ಮಾರಾಟವಾಗತೊಡಗಿತು. ಆ ಭರವಸೆಯ ಮೇಲೆ ಅಕ್ಕ ನಾಲ್ಕನೆಯ ಎಮ್ಮೆ ತಂದಳು.

ಆಮೇಲೆ ಆಷಾಢ ಬಂತು. ಅದನ್ನು ಮಾತ್ರ ನಾವ್ಯಾರೂ ನೆನೆಸಿರಲಿಲ್ಲ.

ನಮ್ಮ ಕಡೆ ಆಷಾಢದಲ್ಲಿ ಊರದೇವಿಗೆ ವಾರ ಹಿಡಿಯುತ್ತಾರೆ. ಆ ದಿನ ಎತ್ತು ಹೂಡುವುದಿಲ್ಲ, ಬೀಸುವುದಿಲ್ಲ, ಹಾಲು ಊರ ಸೀಮೆ ದಾಟುವುದಿಲ್ಲ. ಎಲ್ಲ ಹಾಲೂ ಮೊಸರಾಗಿ ದೇವಿಯ ಎಡೆಗೆ ಹೋಗಬೇಕು. ನಮ್ಮೂರದು ಮಂಗಳವಾರ, ಆಚೆ ಊರಿನದು ಶುಕ್ರವಾರ. ಹುಟ್ಟಿದಾಗಿನಿಂದ ನಡೆಸಿಕೊಂಡು ಬಂದದ್ದನ್ನು ಠರಾವಿನಲ್ಲಿ ಹೇಳಬೇಕು ಅಂತ ಯಾರಿಗೆ ಹೊಳೆಯುತ್ತದೆ? ಮಂಗಳವಾರ ಟ್ಯಾಂಕರ್ ಅವರ ಹಾಲಷ್ಟೇ ತುಂಬಿಕೊಂಡು ಹೋಯಿತು. ಶುಕ್ರವಾರ ನಮ್ಮದಷ್ಟೇ.

ಮರುದಿನ ಸಾಹೇಬರು ಬಂದರು. ಸಿಟ್ಟು ಮಾಡಲಿಲ್ಲ. "ಒಂದು ದಿನ ಪೂರಾ ಬ್ಯಾಡ ಅನ್ರಿ, ಗಾಡೀನಽ ಕಳಸೂದಿಲ್ಲ, ನಡೀತೈತಿ. ಆದ್ರ ವಾರದಾಗ ಎರಡು ದಿನ ಅರ್ಧ ಗಾಡಿ ಓಡಸಾಕ ನನ್ನ ಕೈಲೆ ಆಗೂದಿಲ್ರಿ. ಮತ್ತ ಹಿಂಗಽ ಆದ್ರ ಟಾಕಿ ಬ್ಯಾರೆ ಊರಿಗೆ ಹೋಗ್ತೈತಿ," ಅಂದರು.

ಅವತ್ತೇ ಬೇವಿನ ಗಿಡದ ಕೆಳಗೆ ಮತ್ತೆ ಸಭೆ. "ಈ ವರ್ಷ ವಾರ ಬಿಟ್ಟಬಿಡೂಣು" ಅಂತ ಯಾರೋ ಅಂದರು. ಅಂದವರೇ ತಲೆ ತಗ್ಗಿಸಿದರು.

"ನಿಮ್ಮ ದೇವೀನಽ ಶುಕ್ರವಾರಕ್ಕ ಬರ್ಲಿ" ಅಂತ ಆಚೆ ಊರವರ ಕಡೆಯಿಂದ ಮಾತು ಬಂತು.

"ಯಾಕ, ನಮ್ಮ ದೇವಿ ನಿಮ್ಮ ದೇವಿ ಮನಿ ಸೊಸಿ ಏನ?" ಅಂತ ನಮ್ಮ ಅಧ್ಯಕ್ಷರು ಎದ್ದೇ ನಿಂತರು.

ಕಾಕಾ ರುಮಾಲು ಬಿಚ್ಚಿ ಮೋರೆ ಒರೆಸಿಕೊಂಡರು. ಟಾಕಿ ಹೋಯಿತು ಅಂತಲೇ ನನಗೆ ಅನಿಸಿತು. ಅಷ್ಟರಲ್ಲಿ ಹಾಲು ಹಾಕಿ ಬರುತ್ತಿದ್ದ ಅಕ್ಕ ಖಾಲಿ ಕ್ಯಾನು ಕೆಳಗಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತಳು. ಅವಳು ಮೆಂಬರೂ ಅಲ್ಲ, ಏನೂ ಅಲ್ಲ.

"ಕಾಕಾ, ಒಂದು ಮಾತು ಕೇಳ್ತೀನ್ರಿ. ಈ ಇಬ್ಬರೂ ದೇವ್ಯಾರು ಅಕ್ಕತಂಗ್ಯಾರು ಹೌದಿಲ್ಲೋ?"

"ಹೌದವಾ. ನಮ್ಮಾಕಿ ಹಿರ್ಯಾಕಿ."

"ನಮ್ಮಾಕಿ ಹಿರ್ಯಾಕಿ" ಅಂತ ನಮ್ಮ ಕಡೆಯಿಂದಲೂ ಗದ್ದಲ ಎದ್ದಿತು.

"ಅದನ್ನ ಅವರಽ ಬಗಿಹರಸ್ಕೋತಾರ, ನಿಮಗ್ಯಾಕ?" ಅಂದಳು ಅಕ್ಕ. "ನಾ ನನ್ನ ತಂಗಿ ಮನಿಗೆ ಹೋದ ದಿನ ಅಕಿ ವಾರ ಹಿಡದಿದ್ರ ನಾ ಏನ್ ಮಾಡ್ತೀನಿ? ಅಕಿ ಜೋಡಿ ನಾನೂ ಹಿಡೀತೀನಿ. ಅಕಿ ನಮ್ಮ ಮನಿಗೆ ಬಂದ್ರ ಅಕೀನೂ ಹಂಗಽ. ಒಂದು ವರ್ಷ ನಮ್ಮಾಕಿ ಅಲ್ಲಿ ಹೋಗ್ಲಿ, ಮುಂದಿನ ವರ್ಷ ಅವರಾಕಿ ಇಲ್ಲಿ ಬರ್ಲಿ. ಎರಡೂರಿಗೂ ಒಂದಽ ದಿನ ಆತು, ಯಾರ ವಾರಾನೂ ಮುರಿಯೂದಿಲ್ಲ."

ಕಾಕಾ ಮೆಲ್ಲಗೆ, "ಬರೋಬರ ಐತಿ," ಅಂದರು. "ಆದ್ರ ನಾವು ಒಪ್ಪಿದ್ರ ಆಗೂದಿಲ್ಲ. ಅವರನ್ನ ಕೇಳಬೇಕು."

ಕೇಳುವುದು ಅಂದರೆ ದೇವಿಯ ತಲೆಯ ಮೇಲೆ ಹೂವಿಟ್ಟು ಕಾಯುವುದು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಇಲ್ಲ. ಮೊದಲು ಅವರ ಗುಡಿಯಲ್ಲಿ ಕೇಳಿದರು. ಹೂ ಬಲಕ್ಕೆ ಬಿತ್ತು. ಆಮೇಲೆ ಎರಡೂ ಊರ ಜನ ಹಳ್ಳ ದಾಟಿ ನಮ್ಮ ಗುಡಿಗೆ ಬಂದರು. ಪೂಜಾರಿ ಹೂವಿಟ್ಟ. ಅದು ಬೀಳಲಿಲ್ಲ. ಎಷ್ಟು ಹೊತ್ತು ಕಾದೆವೋ. ಅಕ್ಕ ಕಣ್ಣು ಮುಚ್ಚಿ ಕಂಬಕ್ಕೆ ಒರಗಿದ್ದಳು, ಅವಳ ತುಟಿ ಮಾತ್ರ ಅಲ್ಲಾಡುತ್ತಿತ್ತು. ಕಡೆಗೆ ಹೂ ಜಾರಿತು. ಬಲಕ್ಕೆ. ಕಾಕಾ ಹಿಡಿ ತುಂಬ ಭಂಡಾರದ ಪುಡಿ ತೆಗೆದುಕೊಂಡು ಮೇಲೆ ಎಸೆದರು. ಇಡೀ ಗುಡಿ ಅರಿಷಿಣವಾಯಿತು.

ಬಂದ ಮಂಗಳವಾರ ನಮ್ಮೂರಲ್ಲಿ ಹಾಲು ನಿಲ್ಲಲಿಲ್ಲ. ಗುರುವಾರ ಸಂಜೆ ನಮ್ಮ ದೇವಿಯ ಪಲ್ಲಕ್ಕಿ ಮೊದಲ ಸಲ ಹಳ್ಳ ಇಳಿಯಿತು. ನೀರು ಮೊಣಕಾಲಿನವರೆಗೆ ಇತ್ತು. ನಡುನೀರಿನಲ್ಲಿ ಅವರೂರ ಗಂಡಸರು ಬಂದು ಹೆಗಲು ಕೊಟ್ಟರು. ಎಲ್ಲಿ ಚಿಕ್ಕೋಡಿ ತಾಲೂಕು ಮುಗಿಯಿತು, ಎಲ್ಲಿ ರಾಯಬಾಗ ಶುರುವಾಯಿತು, ಆ ನೀರಿನಲ್ಲಿ ನನಗೆ ಗೊತ್ತಾಗಲಿಲ್ಲ.

ಶುಕ್ರವಾರ ಎರಡೂ ಊರಲ್ಲಿ ಗಿರಣಿ ಸದ್ದಿಲ್ಲ, ಟ್ರ್ಯಾಕ್ಟರ್ ಸದ್ದಿಲ್ಲ. ಸಾಹೇಬರು ಅಂದಂತೆ ಟ್ಯಾಂಕರ್ ಬರಲಿಲ್ಲ. ಇಡೀ ಎರಡೂರು ಉಸಿರು ಹಿಡಿದು ಕೂತಂತೆ ಇತ್ತು. ನಾಳೆ ಬರುತ್ತದೋ ಇಲ್ಲವೋ ಅಂತ ಎಲ್ಲರ ಮನಸ್ಸಿನಲ್ಲೂ ಇತ್ತು.

ಶನಿವಾರ ಗಾಡಿ ಬಂತು. ಎರಡೂರಿನ ಹಾಲು ಏರಿಸಿದ ಮೇಲೆ ಡ್ರೈವರ್ ಮೇಲೆ ಹತ್ತಿ, ಮುಚ್ಚಳ ತೆಗೆದು ಬಗ್ಗಿ ನೋಡಿ, "ತುಂಬೇತ್ರಿ!" ಅಂತ ಕೂಗಿದ. ಅಕ್ಕ ಕ್ಯಾನು ತೊಳೆದು ಬೋರಲು ಹಾಕಿ, ಹೊಸ ಎಮ್ಮೆಗೆ ಹಿಂಡಿ ಇಡಬೇಕು ಅಂತ ಹೊರಟಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ, "ತಮ್ಮಾ, ಮುಂದಿನ ವರ್ಷ ಅವರಾಕಿ ನಮ್ಮೂರಿಗೆ ಬರ್ತಾಳ. ಹಳ್ಳಕ್ಕೊಂದು ಸಣ್ಣ ಪೂಲು ಮಾಡಸಾಕ ಆಗ್ತೈತೇನು ಕೇಳು ನಿಮ್ಮ ಸಭಾದಾಗ. ಬಂದಾಕಿ ಸೀರಿ ತೋಯಬಾರದು," ಅಂದಳು.

ಎರಡು ಪಂಚಾಯತಿ ಕೂಡಿ ಆ ಸೇತುವೆಯನ್ನೂ ಕಟ್ಟಿದವು. ಈಗ ಟ್ಯಾಂಕರ್ ನಮ್ಮೂರ ಹಾದಿಯಿಂದ ಅದರ ಮೇಲೇ ಓಡಾಡುತ್ತದೆ. ಆಷಾಢದಲ್ಲಿ ಪಲ್ಲಕ್ಕಿಯೂ ಅದರ ಮೇಲೇ ಹೋಗುತ್ತದೆ, ಬರುತ್ತದೆ. ಹಿರ್ಯಾಕಿ ಯಾರು ಅನ್ನುವುದು ಮಾತ್ರ ಇನ್ನೂ ಬಗೆಹರಿದಿಲ್ಲ.

ಅಥಣಿ, ಕಾಗವಾಡ, ನಿಪ್ಪಾಣಿ ಕಡೆಯವರೇ ಇರಲಿ, ದೂರದವರೇ ಇರಲಿ, ನಿಮ್ಮಲ್ಲೂ ಎರಡೂರು ಹೀಗೆ ಒಂದು ಗಿಡದ ಕೆಳಗೆ ಕೂತದ್ದು ಉಂಟೇ? ಏನಕ್ಕೆ ಕೂತರು, ಯಾರ ಮಾತಿಗೆ ಒಪ್ಪಿದರು? ದಯಮಾಡಿ ಬರೆದು ತಿಳಿಸಿ. ನಾನು ನಿಧಾನವಾಗಿ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ.