ದೇವತೆಯನ್ನು ತೂಗುವವನು

ವೆನಿಸ್ಸಿನ ಬಳಿಯ ಕಿಯೋಜಾ ಊರಿನ ಮೀನುಪೇಟೆಯಲ್ಲಿ ನಲವತ್ತು ವರ್ಷ ಮೀನು ತೂಗಿದ ತಾರ್ಚೀಸಿಯೋ, ನಿವೃತ್ತನಾದ ಮೇಲೆ ದೇವತೆಯರನ್ನು ತೂಗುವ ಕೆಲಸ ಹಿಡಿದ. ಇದು ಬಡ್ತಿ ಎಂದು ಅವನು ಹೇಳುತ್ತಿದ್ದ. ವಾಸನೆಯಾದರೂ ಕಡಿಮೆಯಾಯಿತು ಎಂದು ಹೆಂಡತಿ ಪೀನಾ ಹೇಳುತ್ತಿದ್ದಳು.

ನಮ್ಮದು ಹದಿನಾಲ್ಕು ಜನರ ಒಪೆರಾ ತಂಡ. ಪೂಜೆ ನಿಂತುಹೋದ ಒಂದು ಇಗರ್ಜಿಯೇ ನಮ್ಮ ರಂಗಮಂದಿರ. ಮುನ್ನೂರೈವತ್ತು ವರ್ಷಗಳ ಹಿಂದೆ ವೆನಿಸ್ಸಿನವರು ಆಡುತ್ತಿದ್ದ ಹಾಗೆಯೇ ಆಡಬೇಕೆಂಬುದು ನಮ್ಮ ಹಟ. ಪಿಟೀಲಿಗೆ ಕರುಳಿನ ತಂತಿ, ಸಮುದ್ರಕ್ಕೆ ಮರದ ಅಲೆ, ಜೂನೋ ದೇವಿ ಇಳಿದುಬರಲು ಹಗ್ಗಕ್ಕೆ ಕಟ್ಟಿದ ಮೋಡ. ಹಗ್ಗದ ಇನ್ನೊಂದು ತುದಿಗೆ ದೇವಿಯ ತೂಕಕ್ಕಿಂತ ತುಸುವೇ ಕಡಿಮೆಯ ಒಂದು ಚೀಲ. ಅದರೊಳಗೆ ಮೀನುಬಲೆಯ ಸೀಸದ ಗುಂಡುಗಳು. ನಡುವೆ ತಾರ್ಚೀಸಿಯೋ. ಹಗ್ಗವನ್ನು ತಡೆತಡೆದು ಬಿಡುವುದಷ್ಟೇ ಅವನ ಕೆಲಸ. ಮೋಡವನ್ನು ಕೆಳಗೆಳೆಯುವ ಹಗ್ಗವೇ ಇಲ್ಲ.

ಹೆಂಗಸರನ್ನು ತಕ್ಕಡಿಗೆ ಹತ್ತಿಸುವುದು ಮರ್ಯಾದೆಯಲ್ಲವೆಂದು ಅವನು ಮೊದಮೊದಲು ಕಣ್ಣಳತೆಯಲ್ಲೇ ತೂಗುತ್ತಿದ್ದ. ಮೀನಿಗೆ ಸರಿಹೋಗುತ್ತಿದ್ದ ಕಣ್ಣು ದೇವಿಗೆ ಹೋಗಲಿಲ್ಲ. ಹೋದ ತಿಂಗಳು ಜೂನೋ ಧೊಪ್ಪೆಂದು ಇಳಿದಳು. ಸ್ವರ ಮಾತ್ರ ಮೇಲೆಯೇ ಉಳಿಯಿತು. ಮರುದಿನವೇ ನಿರ್ದೇಶಕಿ ಜಿನೆವ್ರ ಮೋಡ ಇಳಿಸುವ ಒಂದು ಮೋಟರ್ ತರಿಸಿ ರಂಗದ ಹಿಂದೆ ಇಡಿಸಿದಳು.

"ಬಾರ್ಬಾ," ಎಂದಳು. ನಮ್ಮೂರಲ್ಲಿ ಹಿರಿಯರನ್ನು ಕರೆಯುವುದೇ ಹಾಗೆ, ಮಾವ ಎಂದಂತೆ. "ಇನ್ನೊಂದು ಸಲ ಹೀಗಾದ್ರೆ ಇದನ್ನ ಜೋಡಿಸ್ತೀನಿ. ನೀವು ಮನೇಲಿ ಆರಾಮಾಗಿರಿ."

"ಮನೇಲಿ ಆರಾಮಾ? ಪೀನಾನ ನೀನು ನೋಡಿಲ್ಲ ಮಗಳೇ," ಎಂದ ಅವನು. ಆದರೆ ಅಂದಿನಿಂದ ಅವನಿಗೆ ಊಟ ಸೇರಲಿಲ್ಲ.

ಮುಂದಿನ ಪ್ರದರ್ಶನ ಜುಲೈನ ಒಂದು ಭಾನುವಾರ ಮಧ್ಯಾಹ್ನ. ಬೆಳಿಗ್ಗೆಯೇ ಮೀನುಪೇಟೆಯಿಂದ ಹಳೆಯ ತಕ್ಕಡಿ ತಂದು, ಜೂನೋ ಆಗಿ ಹಾಡುವ ಒತ್ತಾವಿಯಾಳನ್ನು ಕಿರೀಟ, ಜರಿ, ಲಂಗದ ಪದರಗಳ ಸಮೇತ ನಿಲ್ಲಿಸಿ ತೂಗಿದ.

"ಕಣ್ಮುಚ್ಕೊಳ್ಳಿ ಬಾರ್ಬಾ!"

"ಮುಚ್ಕೊಂಡ್ರೆ ಮುಳ್ಳು ನೋಡೋರ್ಯಾರಮ್ಮ? ತೂಕದ ಹೆಣ್ಣು ನೀನು, ನಾಚ್ಕೋಬೇಡ."

ಗುಂಡುಗಳನ್ನು ಒಂದೊಂದಾಗಿ ಎಣಿಸಿ ಚೀಲಕ್ಕೆ ಹಾಕಿ ಬಾಯಿ ಹೊಲಿದ.

ನಾನು ವಿಯೋಲಾ ನುಡಿಸುವ ಮೂಲೆಯಿಂದ ತೆರೆಯ ಹಿಂದಿನದೂ ಕಾಣುತ್ತದೆ. ದೇವಿ ಇಳಿಯುವಾಗಿನ ಸಂಗೀತ ಶುರುವಾಯಿತು. ತಾರ್ಚೀಸಿಯೋ ಹಗ್ಗ ಸಡಿಲಿಸಿದ. ಮೋಡ ಕದಲಲಿಲ್ಲ. ಇನ್ನಷ್ಟು ಸಡಿಲಿಸಿದ. ಜೂನೋ ಮೇಲೆಯೇ ಕುಳಿತು ನಗುತ್ತಿದ್ದಳು. ಹೆದರಿದಾಗ ಆಕೆ ನಗುವುದೇ ಹಾಗೆ. ನಾವು ಮೊದಲಿನಿಂದ ನುಡಿಸಿದೆವು. ಮತ್ತೆ ನುಡಿಸಿದೆವು. ಜಿನೆವ್ರ ಎದುರು ಸಾಲಿನಿಂದ ಎದ್ದೇಬಿಟ್ಟಳು.

ಆಗ ಉಡುಪು ನೋಡಿಕೊಳ್ಳುವ ಎಲ್ದಾ ಬಾಯಿಗೆ ಕೈಯಿಟ್ಟುಕೊಂಡಳು. "ಅಯ್ಯೋ ಬಾರ್ಬಾ! ಸೆಕೆ ಅಂತ ಒತ್ತಾವಿಯಾ ಅಳ್ತಿದ್ಲು. ಒಳಲಂಗ ಮೂರೂ ಬಿಚ್ಚಿಸ್ಬಿಟ್ಟೆ!"

"ದೇವರನ್ನೇ ಹಗುರ ಮಾಡ್ಬಿಟ್ಯಲ್ಲೇ! ತಾ ಆ ಲಂಗ, ಹಾಸು ಇಲ್ಲಿ. ಶಬ್ದ ಆಗ್ಬಾರ್ದು."

ಹಗ್ಗವನ್ನು ಎಡಗೈಗೆ ಸುತ್ತಿಕೊಂಡು, ಹೊಲಿಗೆಯನ್ನು ಚಾಕುವಿನಿಂದ ಸೀಳಿದ. ಒಂದೇ ಸಲ ಸುರಿದರೆ ದೇವಿ ಮತ್ತೆ ಧೊಪ್ಪೆನ್ನುತ್ತಾಳೆ. ಹಿಡಿ ಹಿಡಿಯಾಗಿ ಸೀಸ ತೆಗೆದು ಲಂಗದ ಮೇಲಿಟ್ಟ. ಐದು ಹಿಡಿ. ಹತ್ತು. ನಾವು ನಾಲ್ಕನೆಯ ಸಲ ನುಡಿಸುತ್ತಿದ್ದೆವು, ನನ್ನ ಕಮಾನು ಬೆವರಿಗೆ ಜಾರುತ್ತಿತ್ತು. ಹದಿನಾಲ್ಕನೆಯ ಹಿಡಿಗೆ ಹಗ್ಗ ಮಿಸುಕಿತು. ಅವನು ಹದಿನೈದನೆಯದನ್ನು ಅರ್ಧ ತೆಗೆದು, ಒಂದು ಗುಂಡನ್ನು ವಾಪಸ್ ಹಾಕಿದ.

ಮೋಡ ಇಳಿಯತೊಡಗಿತು. ಕಲಕಿದ ನೀರಿನಲ್ಲಿ ಮರಳು ತಳ ಸೇರುವಷ್ಟು ಮೆಲ್ಲಗೆ. ಒತ್ತಾವಿಯಾ ಹಾಡು ತೆಗೆದಳು. ಅವಳು ಉಸಿರೆಳೆಯುವಾಗ ಅವನು ಹಗ್ಗ ಹಿಡಿದ. ಸ್ವರ ಹೊರಟಾಗ ಬಿಟ್ಟ. ಕೊನೆಯ ಸ್ವರಕ್ಕೆ ಮೋಡ ನೆಲ ಮುಟ್ಟಿತು. ಮುಟ್ಟಿದ್ದು ಯಾರಿಗೂ ಕೇಳಿಸಲಿಲ್ಲ. ಇಗರ್ಜಿ ತುಂಬ ಚಪ್ಪಾಳೆ.

ಆಟ ಮುಗಿದ ಮೇಲೆ ಜಿನೆವ್ರ ಹಿಂದಕ್ಕೆ ಬಂದಳು. ಎಲ್ದಾ ತಾನೇ ತಪ್ಪು ಒಪ್ಪಿಕೊಂಡಳು.

"ಮೋಟರ್‌ಗಾದ್ರೆ ಲಂಗದ ಲೆಕ್ಕ ಬೇಕಾಗ್ತಿರ್ಲಿಲ್ಲ ಬಾರ್ಬಾ," ಎಂದಳು ಜಿನೆವ್ರ.

"ಹೌದು ಮಗಳೇ," ಎಂದು ಅವನು ತಲೆ ತಗ್ಗಿಸಿದ.

"ಆದ್ರೆ ಒತ್ತಾವಿಯಾ ಉಸಿರು ತಗೊಳ್ಳೋದು ಅದಕ್ಕೆ ಗೊತ್ತಾಗ್ತಿರ್ಲಿಲ್ಲ. ಅದನ್ನ ನಾಳೇನೇ ವಾಪಸ್ ಕಳಿಸ್ತೀನಿ. ಮಂಗಳವಾರ ಹತ್ತಕ್ಕೆ ಬನ್ನಿ, ಇನ್ಮುಂದೆ ಬಟ್ಟೆ ಹಾಕ್ಕೊಂಡ್ಮೇಲೆ, ಮೋಡ ಹತ್ತೋ ಮುಂಚೆ ತೂಗೋಣ."

ತಾರ್ಚೀಸಿಯೋ ಮರದ ಅಲೆಯ ಮೇಲೆಯೇ ಕೂತು ಮನೆಗೆ ಫೋನ್ ಹಚ್ಚಿದ.

"ಪೀನಾ, ಮಂಗಳವಾರ ಊಟಕ್ಕೆ ಕಾಯ್ಬೇಡ. ರಿಹರ್ಸಲ್ ಇದೆ."

ಆ ಕಡೆ ದೀರ್ಘವಾದ ನಿಟ್ಟುಸಿರು ನಮಗೂ ಕೇಳಿಸಿತು. "ಸದ್ಯ! ಇನ್ಮೇಲೆ ದಿನವಿಡೀ ಮನೇಲೇ ಇರ್ತೀರೇನೋ ಅಂತ ಹೆದರಿ ದೇವಮಾತೆಗೆ ಹರಕೆ ಹೊತ್ತಿದ್ದೆ ಕಣ್ರೀ!"