ರೈಫಲಿನ ಗುಂಡು, ಸೊಪ್ಪಿನ ಕಡ್ಡಿ

ಇದನ್ನು ಬರೆಯಲು ಮೂರು ಸಲ ಕೂತು ಮೂರು ಸಲವೂ ಎದ್ದು ಹೋಗಿದ್ದೇನೆ. ಹೇಳದೆ ಸಾಯಬಾರದು ಅನ್ನಿಸಿದೆ.

ಹಂದಿ ಓಡಿಸಲು ನಮ್ಮ ಮನೆಯಲ್ಲಿ ಅಪ್ಪನ ಕಾಲದ ಕೋವಿಯಿತ್ತು. ಅದರ ಚರೆ ನೂರು ಹೆಜ್ಜೆ ದಾಟಿದರೆ ರಾಗಿಯಂತೆ ಉದುರುತ್ತಿತ್ತು. ನನ್ನ ಆಸೆ ರೈಫಲಿನ ಮೇಲೆ. ಕೊಡಗಿನ ಎಸ್ಟೇಟಿನವರೊಬ್ಬರು ಮಾರಿದ ಹಳೆಯ ಲಿವರ್ ರೈಫಲನ್ನು ಲೈಸೆನ್ಸ್ ಮಾಡಿಸಿ ತಂದೆ. ಅಡಿಯ ಹಿಡಿಯನ್ನು ಕೆಳಗೆಳೆದು ಮೇಲೆತ್ತಿದರೆ ಖಾಲಿ ತೋಟೆ ಚಿಮ್ಮಿ ಹೊಸದು ಒಳಗೆ ಕೂರುತ್ತದೆ. ತೋಟೆ ಹೆಬ್ಬೆರಳಿನಷ್ಟು ದಪ್ಪ. ಆ ಸದ್ದು, ಭುಜಕ್ಕೆ ಬೀಳುವ ಗುದ್ದು ಎರಡೂ ನನಗೆ ಪ್ರಾಣ. ಯಾವ ಪ್ರಾಣಿಗೂ ಹೊಡೆದವನಲ್ಲ. ಕೊಡಗಿನವರು ಹಬ್ಬದಲ್ಲಿ ಮಾಡುವ ಹಾಗೆ ತೆಂಗಿನಕಾಯಿಗೆ ಗುರಿಯಿಡುತ್ತಿದ್ದೆ, ಅಷ್ಟೆ.

ಆ ದಿನ ಕಂಪಲಾಪುರದ ಗೆಳೆಯ ಬಂದಿದ್ದ. ಕೋವಿಯಿಂದ ಹೊಡೆಯಲು ಕಾಯಿ ಕಟ್ಟುತ್ತಿದ್ದ ಬೇಲಿಗೂಟಕ್ಕೇ ಕಾಯಿ ಕಟ್ಟಿ ರೈಫಲ್ ಎತ್ತಿಕೊಂಡೆ. ಗುಂಡು ತಡೆಯಲು ಹಿಂದೆ ಏರಿಯಿಲ್ಲ, ದಿಬ್ಬವಿಲ್ಲ. ನಾಲ್ಕು ಹೊಲದಾಚೆ ಹೊಗೆಸೊಪ್ಪನ್ನು ಬಿಸಿ ಕೊಟ್ಟು ಒಣಗಿಸುವ ನಮ್ಮದೇ ಇಟ್ಟಿಗೆ ಮನೆ, ಬ್ಯಾರನ್. ಅಷ್ಟು ದೂರ ಏನು ಹೋದೀತು ಅಂದುಕೊಂಡೆ. ನೂರು ಹೆಜ್ಜೆಯ ಕೋವಿಯ ಲೆಕ್ಕ ನನ್ನದು.

"ಕಾಯಿ ಒಡೀತೀಯೋ, ಬರೀ ಕಾಗೆ ಎದ್ರುಸ್ತೀಯೋ?" ಎಂದ ಗೆಳೆಯ.

ಹೊಡೆದೆ.

"ಕಾಯಿ ಎಲ್ಲೋಯ್ತಲಾ? ಚಟ್ನಿಗೂ ಸಿಗಾಕಿಲ್ಲ ಬುಡು."

ಇಬ್ಬರೂ ನಗುತ್ತಿರುವಾಗಲೇ ಬ್ಯಾರನ್ ಕಡೆಯಿಂದ ಕೂಗು ಕೇಳಿತು. ಆಳುಗಳು ಊಟಕ್ಕೆ ಹೋಗಿದ್ದರು. ತಮ್ಮನ ಹೆಂಡತಿ ಒಬ್ಬಳೇ ಕೂತು, ಒಳಗೆ ನೇತುಹಾಕುವ ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು. ಗುಂಡು ಅವಳ ಪಕ್ಕದ ಗೋಡೆಗೆ ಬಡಿದು, ಸಿಡಿದ ಇಟ್ಟಿಗೆಯ ಚೂರು ಎಡಗಣ್ಣಿಗೆ ಹೊಕ್ಕಿತ್ತು. ಗೋಡೆಯಲ್ಲಿ ನನ್ನ ಮುಷ್ಟಿ ಹಿಡಿಯುವಷ್ಟು ಗುಂಡಿ. ಅದನ್ನೇ ನೋಡುತ್ತ ನಿಂತುಬಿಟ್ಟೆ. ಅವಳನ್ನು ಎತ್ತಿದ್ದು ಗೆಳೆಯ.

ಮೈಸೂರಿನ ಆಸ್ಪತ್ರೆಗೆ ಹೋಗುವಾಗ, ಕೂಗು ಕೇಳಿ ಓಡಿಬಂದಿದ್ದ ತಮ್ಮನಿಗೆ ಹೇಳಿದೆ: "ಗುಂಡು ಅಂದ್ರೆ ಪೊಲೀಸ್ನೋರು ಬತ್ತಾರೆ ಕಣೋ. ಲೈಸೆನ್ಸೂ ಓಯ್ತದೆ. ಸೊಪ್ಪಿನ ಕಡ್ಡಿ ಚುಚ್ತು ಅಂತ ಅವಳ ಕೈಲಿ ಏಳ್ಸು."

ಅವಳ ಕಣ್ಣಿನಿಂದ ರಕ್ತ ಸೋರುತ್ತಿತ್ತು. ನಾನು ಲೈಸೆನ್ಸಿನ ಮಾತಾಡಿದೆ.

ಡಾಕ್ಟರು ಕೇಳಿದಾಗ ಅವಳು ತಡವರಿಸಲಿಲ್ಲ. "ಕಡ್ಡಿ ಚುಚ್ಬುಡ್ತು ಸಾರ್."

ಕಣ್ಣು ಉಳಿಯಲಿಲ್ಲ. ಬಾವನ ಜೊತೆ ತಮ್ಮನ ಹೆಂಡತಿ ನೇರ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವಳು ಗಂಡನಿಗೆ ಹೇಳಿದಳು: "ಬಾವೋರು ಬೆಳಗ್ಗೆಯಿಂದ ಏನೂ ತಿಂದಿಲ್ಲ. ಕಾಪಿನಾದ್ರೂ ಕುಡ್ಸಿ."

ಆ ಕಾಫಿಯನ್ನು ಕುಡಿದೆ. ಹೇಗೆ ಕುಡಿದೆನೋ ಇವತ್ತಿಗೂ ತಿಳಿಯದು.

ಆಮೇಲೂ ರೈಫಲನ್ನು ಇಟ್ಟುಕೊಂಡೆ. ಚುನಾವಣೆ ಬಂದಾಗ ನಿಯಮದಂತೆ ಠಾಣೆಗೆ ಒಪ್ಪಿಸಿದೆ, ಮುಗಿದ ಮೇಲೆ ತಂದು ಎಣ್ಣೆ ಒರೆಸಿದೆ. ಹೋದ ವರ್ಷವಷ್ಟೇ ಪೂರ್ತಿ ಒಪ್ಪಿಸಿ ಬಂದೆ. ತಮ್ಮನ ಕೈ ಹಿಡಿದು ತಪ್ಪಾಯಿತು ಅಂದಿದ್ದೇನೆ. ಹೊಡೆದಾಗ ಪಕ್ಕದಲ್ಲಿದ್ದ ಗೆಳೆಯನಿಗೂ ಅಂದಿದ್ದೇನೆ. ನೇರ ಮಾತಾಡಬಾರದೆಂಬ ರೂಢಿಯ ಮರೆಯಲ್ಲಿ ನಿಂತು ಒಬ್ಬಳಿಗೆ ಮಾತ್ರ ಅನ್ನಲಿಲ್ಲ, ನನ್ನ ತಮ್ಮನ ಹೆಂಡತಿಗೆ.