ಮೂವತ್ತೊಂದನೆಯ ಕಂತಿಗೆ ನಾನು ಹೇಳಿದ ಅರ್ಥ

ಐವತ್ತಮೂರು ವರ್ಷದ ಗಂಡಸೊಬ್ಬ ಮಧ್ಯಾಹ್ನ ಎರಡು ಗಂಟೆಗೆ ಸೋಫಾದ ಮೇಲೆ ಕಾಲು ಮಡಚಿ ಕೂತು ವಿದೇಶಿ ಧಾರಾವಾಹಿ ನೋಡುತ್ತಾನೆ. ನೋಡಿದ ಮೇಲೆ ಅದರ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಮುಖ ಕಾಣದ ಜನರ ಜತೆ ಜಗಳವಾಡುತ್ತಾನೆ. ಅದು ನಾನು. ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದವರಿದ್ದಾರೆ. ಆಗುವುದಿಲ್ಲ. ಬಾಲ್ಯದ ಬಗ್ಗೆ ಬರೆಯಿರಿ, ಅದಕ್ಕೆ ಓದುಗರಿದ್ದಾರೆ ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು. ನನ್ನ ಬಾಲ್ಯ ಮುಂಬಯಿ ಹತ್ತಿರದ ಕಲ್ಯಾಣದ ಒಂದು ಚಾಳಿನಲ್ಲಿ ಕಳೆಯಿತು. ಅದರಲ್ಲಿ ನನಗೆ ನೆನಪಿರುವುದೆಲ್ಲ ಅಮ್ಮ ಹೇಳಿದ್ದು. ಅಮ್ಮ ಹೇಳಿದ್ದನ್ನು ಅಕ್ಕ ಒಪ್ಪುವುದಿಲ್ಲ. ಹಾಗಾಗಿ ಅದನ್ನು ಬಿಟ್ಟು, ಕಳೆದ ವರ್ಷ ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ನಡೆದದ್ದನ್ನು ಬರೆಯುತ್ತೇನೆ. ಇದರಲ್ಲೂ ನಾನು ಸುಳ್ಳು ಹೇಳಿದ್ದೇನೆ. ಇಲ್ಲಿ ಅಲ್ಲ, ಆಗ.

ಮನೆಯಲ್ಲಿ ಇರುವುದು ಇಬ್ಬರೇ, ಅಮ್ಮ ಮತ್ತು ನಾನು. ಮದುವೆ ನನಗೆ ಆಗಲಿಲ್ಲ, ಅದಕ್ಕೆ ಕತೆಯೂ ಇಲ್ಲ. ಐರೋಲಿಯ ಆಫೀಸಿಗೆ ವಾರಕ್ಕೆ ಎರಡು ದಿನ ಹೋದರೆ ಸಾಕು, ಉಳಿದ ದಿನ ಮನೆಯಿಂದಲೇ ಕೆಲಸ. ಒಂದು ದಿನ ಊಟವಾದ ಮೇಲೆ ಫೋನಿನಲ್ಲಿ ಬೆರಳಾಡಿಸುತ್ತಿದ್ದಾಗ ಒಂದು ತುಣುಕು ಸಿಕ್ಕಿತು. ಯಾವುದೋ ದೂರದ ದ್ವೀಪ. ಒಬ್ಬ ಮುದುಕಿ ಕಲ್ಲಿನ ಮೇಲೆ ಕೂತು ಮೀನಿನ ಹೊಟ್ಟೆ ಸೀಳುತ್ತಿದ್ದಾಳೆ. ಮಾತಿಲ್ಲ, ಒಂದೂವರೆ ನಿಮಿಷ. ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿ ಎರಡು ಸಲ ನೋಡಿ, ಆ ಮೀನು ನಿನ್ನೆಯದ್ದು, ಕಣ್ಣು ನೋಡು ಅಂದಳು. ಅಲ್ಲಿಗೆ ಶುರುವಾಯಿತು.

ತುಣುಕಿನ ಹಿಂದೆ ನಲವತ್ತೆಂಟು ಕಂತುಗಳ ಧಾರಾವಾಹಿ ಇತ್ತು. ದ್ವೀಪದಲ್ಲಿ ಒಂದು ಅಂಚೆ ಕಚೇರಿ. ಸೈಕಲ್ಲಿನಲ್ಲಿ ಪತ್ರ ಹಂಚುವ ಮಗ, ಅವನಿಗೆ ದಿನಾ ಬುತ್ತಿ ಕಟ್ಟಿಕೊಡುವ ತಾಯಿ. ಅವರ ಭಾಷೆ ನಮಗೆ ಬಾರದು. ಕೆಳಗೆ ಇಂಗ್ಲಿಷಿನ ಸಾಲುಗಳು ಓಡುತ್ತವೆ, ಅಮ್ಮನಿಗೆ ಇಂಗ್ಲಿಷ್ ಬಾರದು. ನಾನು ಓದಿ ಹೇಳುತ್ತಾ ಹೋದೆ. ಮನೆಯಲ್ಲಿ ನಾವಾಡುವುದು ತುಳು. ಆದರೆ ಧಾರಾವಾಹಿಯ ಮಾತು ಹೇಳುವಾಗ ಬಾಯಿಗೆ ಕನ್ನಡವೇ ಬರುತ್ತಿತ್ತು. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ಅಂದರೆ ಕೂತಲ್ಲೇ ಪಾತ್ರದ ಮಾತಾಡುವವರು, ಮನೆಯಲ್ಲಿ ತುಳುವಾಡಿ ವೇದಿಕೆಯಲ್ಲಿ ಕನ್ನಡ ಆಡುತ್ತಾರಲ್ಲ, ಹಾಗೆ. ನಾಲ್ಕು ಕಂತು ಕಳೆಯುವಷ್ಟರಲ್ಲಿ ತಾಯಿಗೊಂದು ದನಿ, ಮಗನಿಗೊಂದು ದನಿ, ಪೋಸ್ಟ್ ಮಾಸ್ತರನಿಗೆ ಮೂಗಿನಲ್ಲಿ ಒಂದು ದನಿ ಬಂದವು. ಅಮ್ಮ ಅದನ್ನು ಧಾರಾವಾಹಿ ಅನ್ನಲೇ ಇಲ್ಲ. "ಅರ್ಥಕ್ಕೆ ಕೂರುವಾ" ಅನ್ನುತ್ತಿದ್ದಳು.

ಈ ಧಾರಾವಾಹಿಯ ಹುಚ್ಚರು ಸೇರುವ ಒಂದು ವೇದಿಕೆ ಇಂಟರ್‌ನೆಟ್ಟಿನಲ್ಲಿದೆ. ಒಬ್ಬ ದ್ವೀಪದ ನಕ್ಷೆ ಬಿಡಿಸಿ ಹಾಕಿದ್ದ. ಒಬ್ಬಳು ಪ್ರತಿ ಕಂತಿನ ಬುತ್ತಿಯಲ್ಲಿ ಏನಿತ್ತು ಎಂದು ಪಟ್ಟಿ ಮಾಡಿದ್ದಳು. ಇಂಥ ಕೆಲಸ ಮಾಡುವವರನ್ನು ಕಂಡರೆ ನನಗೆ ಈಗಲೂ ಗೌರವ. ಯಾರೂ ಕೇಳಲಿಲ್ಲ, ಯಾರೂ ದುಡ್ಡು ಕೊಡಲಿಲ್ಲ, ಆದರೂ ಕೂತು ಮಾಡಿದರು. ಆ ಪಟ್ಟಿಯ ಅಡಿಯಲ್ಲಿ ನಾನು, ಏಳನೆಯ ಕಂತಿನಲ್ಲಿ ಆ ಮುದುಕಿ ಸೀಳುವ ಮೀನು ಹಳತು ಎಂದು ನನ್ನ ತಾಯಿ ಹೇಳುತ್ತಾರೆ, ಅವರಿಗೆ ಎಪ್ಪತ್ತೇಳು ವರ್ಷ ಎಂದು ಬರೆದೆ. ಮರುದಿನ ನೋಡಿದರೆ ಬ್ರೆಜಿಲ್ಲಿನವರೂ ಸೇರಿ ಜನ ಮುತ್ತಿಕೊಂಡಿದ್ದಾರೆ. ಆಮೇಲೆ ಪ್ರತಿ ಕಂತು ಮುಗಿದಾಗ ಯಾರಾದರೊಬ್ಬರು, ಅಜ್ಜಿ ಏನೆಂದರು ಎಂದು ಕೇಳುವುದು, ನಾನು ಅಮ್ಮ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಹಾಕುವುದು ರೂಢಿಯಾಯಿತು. ಅಮ್ಮನಿಗೆ ಅದರ ಹೆಮ್ಮೆ ಇತ್ತು. ತೋರಿಸುತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ಮೀನಿನವಳ ಹತ್ತಿರ ಮಾತ್ರ ಒಮ್ಮೆ, ನನ್ನ ಮಾತಿಗೆ ಬ್ರೆಜಿಲ್ಲಿನಲ್ಲಿ ಬೆಲೆ ಇದೆ, ನಿನ್ನ ಹತ್ತಿರ ಇಲ್ಲ ಅಂದಳಂತೆ.

ಸಾನಪಾಡಾದಲ್ಲಿರುವ ಅಕ್ಕನಿಗೆ ಇದು ಸೇರುತ್ತಿರಲಿಲ್ಲ. ಅವಳು ಭಜನಾ ಮಂಡಳಿಯವಳು. ಈ ಪ್ರಾಯದಲ್ಲಿ ನಾಲ್ಕು ಒಳ್ಳೆಯ ಮಾತು ಕಿವಿಗೆ ಬೀಳಬೇಕು, ನೀನು ಅಮ್ಮನನ್ನು ಕೂರಿಸಿ ಇದೆಂತ ತೋರಿಸುತ್ತೀ ಎಂದು ಫೋನಿನಲ್ಲಿ ಬೈಯುತ್ತಿದ್ದಳು. ಒಳ್ಳೆಯ ಮಾತು ಯಾವುದು ಎಂದು ಯಾರು ತೀರ್ಮಾನ ಮಾಡುವುದು ಎಂದು ನಾನು ಕೇಳುತ್ತಿದ್ದೆ. ಆಗ ನನ್ನ ದನಿಯಲ್ಲಿ ಬಹಳ ಧೈರ್ಯವಿತ್ತು. ಈಗ ಮುಂದಿನದ್ದು ಕೇಳಿ.

ಮೂವತ್ತೊಂದನೆಯ ಕಂತು. ಮಗ ಕೆಲಸ ಮುಗಿಸಿ ಬಂದು ಊಟಕ್ಕೆ ಕೂತಿದ್ದಾನೆ. ತಾಯಿ ಬಡಿಸಿ, ಎದುರಿಗೆ ಕೂತು, ನಾಳೆಯಿಂದ ನಾನು ನಿನ್ನ ಜತೆ ಇರುವುದಿಲ್ಲ ಅನ್ನುತ್ತಾಳೆ. ನೀನು ಕೆಟ್ಟ ಮಗ ಅಲ್ಲ. ಆದರೆ ನನಗೆ ಒಬ್ಬಳಿಗೇ ಅಡುಗೆ ಮಾಡಿ ನೋಡಬೇಕು, ನನಗೆ ಯಾವುದು ಇಷ್ಟ ಎಂದು ನನಗೇ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಇದು ಮೂರು ಸಾಲು.

ಆ ಮೂರು ಸಾಲು ನನ್ನ ಕಣ್ಣೆದುರು ಬಂದಾಗ ಅಮ್ಮ ಪಕ್ಕದಲ್ಲಿ ಕೂತಿದ್ದಳು. ಮಧ್ಯಾಹ್ನ ಅವಳೇ ಬಡಿಸಿದ್ದ ನನ್ನ ತಟ್ಟೆ ಸಿಂಕಿನಲ್ಲಿತ್ತು ಎಂದು ಇಲ್ಲಿ ಈಗಷ್ಟೇ ಬರೆದು ಅಳಿಸಿದೆ. ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಇದ್ದಿದ್ದರೆ ಬರಹಕ್ಕೆ ಒಳ್ಳೆಯದಿತ್ತು ಅಷ್ಟೆ. ಗೊತ್ತಿರುವುದು ಇದು: ನಾನು ತಾಯಿಯ ದನಿಯಲ್ಲಿ, "ನನ್ನ ಅಕ್ಕನಿಗೆ ಹುಷಾರಿಲ್ಲವಂತೆ ಮಗಾ, ನಾಲ್ಕು ದಿನ ಹೋಗಿ ಬರುತ್ತೇನೆ, ಜಾಗ್ರತೆ" ಅಂದೆ.

ಅಮ್ಮ, "ಪಾಪ" ಅಂದಳು.

ಒಂದು ಸುಳ್ಳಿಗೆ ಕೂಳು ಹಾಕಿ ಸಾಕುವುದು ಸುಲಭವಲ್ಲ. ಮುಂದಿನ ಕಂತುಗಳಲ್ಲಿ ಆ ತಾಯಿ ಪಕ್ಕದ ಊರಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ನಗುನಗುತ್ತಾ ಉಣ್ಣುತ್ತಾಳೆ. ಅವಳ ಅಕ್ಕ ಎಲ್ಲಿ ಎಂದು ಅಮ್ಮ ಕೇಳಿದಳು. ಒಳಗೆ ಮಲಗಿದ್ದಾಳೆ ಎಂದೆ. ಎಂತ ಕಾಯಿಲೆ ಎಂದಳು. ವಾತ ಎಂದೆ. ವಾತದವಳಿಗೆ ಒಂದು ಲೋಟ ಬಿಸಿನೀರು ಕೊಡದೆ ಇವಳು ನಗುತ್ತಾ ಉಣ್ಣುವುದೆಂತ ಎಂದು ಅಮ್ಮನಿಗೆ ಆ ತಾಯಿಯ ಮೇಲೆ ಸಿಟ್ಟು ಬಂತು. ನಾಲ್ಕು ಕಂತುಗಳವರೆಗೆ ನಾನು ಇಲ್ಲದ ಅಕ್ಕನನ್ನು ಇಲ್ಲದ ಒಳಕೋಣೆಯಲ್ಲಿ ಮಲಗಿಸಿ ಕಾದೆ.

ವೇದಿಕೆಯಲ್ಲಿ ಆಗ ಇದೇ ಗದ್ದಲ. ಆ ತಾಯಿ ಮಾಡಿದ್ದು ಸರಿಯೋ ತಪ್ಪೋ ಎಂದು ಜನ ಎರಡು ಪಾಲಾಗಿದ್ದರು. ಅಜ್ಜಿ ಏನೆಂದರು, ಅಜ್ಜಿ ಯಾಕೆ ಸುಮ್ಮನಿದ್ದಾರೆ ಎಂದು ದಿನಾ ಕೇಳುತ್ತಿದ್ದರು. ಕೊನೆಗೆ ನಾನು ಬರೆದೆ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡು, ಮಗನನ್ನು ಬಿಟ್ಟು ತಾಯಿಗೆ ಎಲ್ಲಿಯ ಸುಖ ಅಂದರು ಎಂದು. ಇದಕ್ಕೆ ಬಂದ ಮೆಚ್ಚುಗೆ ಮೀನಿನ ಮಾತಿಗೂ ಬಂದಿರಲಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. ಆ ಹೊತ್ತಿಗೆ ಧಾರಾವಾಹಿಗೆ ಹಿಂದಿ ದನಿ ಸೇರಿತ್ತು. ಆಯ್ಕೆಗಳಲ್ಲಿ ಹೊಸ ಸಾಲು ಬಂದದ್ದನ್ನು ನಾನು ನೋಡಿದ್ದೆ. ಅಮ್ಮ ಐವತ್ತು ವರ್ಷ ಕಲ್ಯಾಣ, ಡೊಂಬಿವಲಿಯ ಬಜಾರಿನಲ್ಲಿ ಚೌಕಾಸಿ ಮಾಡಿದವಳು, ಹಿಂದಿ ಚೆನ್ನಾಗಿ ತಿಳಿಯುತ್ತದೆ. ನಾನು ಹೇಳಲಿಲ್ಲ.

ಅಕ್ಕನ ಮಂಡಳಿಯ ಭಜನಾ ಸಪ್ತಾಹ ಬಂತು. ಅಮ್ಮನನ್ನು ಕರೆದುಕೊಂಡು ಹೋದಳು. ಹೋಗುವಾಗ ಅಮ್ಮ ನನ್ನಿಂದ ಒಂದು ಮಾತು ತೆಗೆದುಕೊಂಡಳು, ತಾನು ಬರುವವರೆಗೆ ಮೂವತ್ತಾರನೆಯದನ್ನು ಒಬ್ಬನೇ ನೋಡಬಾರದು ಎಂದು. ನಾನು ಒಪ್ಪಿದೆ, ನೋಡಲೂ ಇಲ್ಲ.

ನೋಡಿದವಳು ಅವಳು. ಮೂರನೆಯ ದಿನ ತಡೆಯಲಾರದೆ ಮೊಮ್ಮಗಳಿಗೆ, ಅಂದರೆ ಅಕ್ಕನ ಮಗಳಿಗೆ, ದ್ವೀಪದ ಅಂಚೆಯದ್ದು ಹಾಕಿಕೊಡು, ಅರ್ಥ ಬೇಡ, ಚಿತ್ರ ಸಾಕು ಅಂದಳಂತೆ. ಆ ಹುಡುಗಿ ಕಾಲೇಜಿಗೆ ಹೋಗುವವಳು. ನಾವು ತುಳುವಿನಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಚಿತ್ರ ಮಾತ್ರ ಯಾಕೆ ಎಂದು ಹಿಂದಿ ಹಾಕಿಕೊಟ್ಟಳು. ಮೂವತ್ತಾರರಲ್ಲಿ ಮಗ ತಾಯಿಯ ಬಾಗಿಲಿಗೆ ಬಂದು, ನನ್ನನ್ನು ಬಿಟ್ಟು ಬಂದದ್ದು ನಿನಗೆ ಹಿತವಾಗಿದೆಯಾ ಎಂದು ಕೇಳುತ್ತಾನೆ. ಅಮ್ಮ ಮೊಮ್ಮಗಳನ್ನು ತಡೆದು, ಇವಳ ಅಕ್ಕ ಎಲ್ಲಿ ಎಂದಳು. ಯಾವ ಅಕ್ಕ ಎಂದಳು ಅವಳು. ಇಬ್ಬರೂ ಒಂದೊಂದೇ ಕಂತು ಹಿಂದೆ ಹೋಗುತ್ತಾ ಮೂವತ್ತೊಂದಕ್ಕೆ ತಲುಪಿದರು. ಅಂದು ಭಜನೆಗೆ ಅಮ್ಮ ಹೋಗಲಿಲ್ಲ.

ನಾನು ಐರೋಲಿಯಿಂದ ಬಂದು ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುತ್ತಿದ್ದೆ. ಫೋನು ಬಂತು. "ಮಾಮಾ, ಆಪ್‌ನೇ ಅಜ್ಜಿ ಕೋ ಕ್ಯಾ ಸುನಾಯಾ ಹೈ?" ಎಂದು ಅಕ್ಕನ ಮಗಳು, ಅಜ್ಜಿಗೆ ನಾನು ಏನು ಹೇಳಿಟ್ಟಿದ್ದೇನೆ ಎಂದು. ಹಿಂದೆ ಅಮ್ಮನ ದನಿ ಇರಲಿಲ್ಲ. ಹೆದರಿಕೆಯಾದದ್ದು ಅದಕ್ಕೇ. ಕೇಳಿಸುತ್ತಿಲ್ಲ, ಪ್ಲಾಟ್‌ಫಾರ್ಮಿನಲ್ಲಿದ್ದೇನೆ ಎಂದು ಕಟ್ ಮಾಡಿದೆ. ಚೆನ್ನಾಗಿ ಕೇಳಿಸುತ್ತಿತ್ತು.

ಸಪ್ತಾಹ ಮುಗಿಯುವ ಮೊದಲೇ ಅಮ್ಮ ಮೊಮ್ಮಗಳ ಜತೆ ಬಂದಿಳಿದಳು. ಕಾಲು ತೊಳೆದಳು, ಚಾ ಕುಡಿದಳು, ಅಕ್ಕನ ಮನೆಯ ನೀರಿನ ಟೈಮು ಬದಲಾದದ್ದನ್ನು ಹೇಳಿದಳು. ಆಮೇಲೆ ಸೋಫಾದಲ್ಲಿ ಕೂತು, ಮೂವತ್ತೊಂದು ಹಾಕು ಅಂದಳು. ನಾನು ಹಿಂದಿಯ ಸಾಲಿಗೆ ಕೈ ಹಾಕಿದೆ.

"ಹಿಂದಿ ಬೇಡ. ಅವರದ್ದೇ ಭಾಷೆ ಇರಲಿ. ನೀನು ಅರ್ಥ ಹೇಳು."

ಹೇಳಿದೆ. ಮಗ ಊಟಕ್ಕೆ ಕೂತ, ತಾಯಿ ಎದುರು ಕೂತಳು. ನಾಳೆಯಿಂದ ನಾನು ನಿನ್ನ ಜತೆ ಇರುವುದಿಲ್ಲ. ಇಲ್ಲಿಗೆ ಬಂದಾಗ ನನ್ನ ದನಿ ಸಣ್ಣದಾಗಿರಬೇಕು. ಜೋರಾಗಿ ಹೇಳು ಎಂದು ಅಮ್ಮ ಅಂದ ನೆನಪು. ಅಜ್ಜಿ ಹಾಗೆ ಹೇಳಲೇ ಇಲ್ಲ, ನೀವೇ ಸುಮ್ಮನೆ ಜೋರು ಮಾಡಿದಿರಿ ಎಂದು ಅಕ್ಕನ ಮಗಳು ಈಗ ವಾದಿಸುತ್ತಾಳೆ. ಇರಬಹುದು. ನನಗೆ ಒಬ್ಬಳಿಗೇ ಅಡುಗೆ ಮಾಡಿ ನೋಡಬೇಕು, ನನಗೆ ಯಾವುದು ಇಷ್ಟ ಎಂದು ನನಗೇ ಗೊತ್ತಿಲ್ಲ ಎಂಬಲ್ಲಿಯವರೆಗೆ ಒಂದು ಅಕ್ಷರ ಬಿಡದೆ ಹೇಳಿದೆ.

"ಇದನ್ನು ನನಗೆ ಅವತ್ತೇ ಯಾಕೆ ಹೇಳಲಿಲ್ಲ?"

"ನಿನಗೆ ಬೇಜಾರಾದೀತು ಅಂತ."

"ನನಗಾ?"

ಅಷ್ಟೇ ಕೇಳಿದಳು. ಅವಳ ಮುಖ ನೋಡಲಾಗಲಿಲ್ಲ. ಉಳಿದದ್ದನ್ನೂ ಹೇಳಿಬಿಡುವುದು ಸುಲಭ ಅನಿಸಿತು. ವೇದಿಕೆಯಲ್ಲಿ ಅವಳ ಹೆಸರಿನಲ್ಲಿ ಬರೆದದ್ದನ್ನು ಹೇಳಿದೆ. ಮೊಮ್ಮಗಳು ಅದನ್ನು ಹುಡುಕಿ, ಇಂಗ್ಲಿಷಿನಲ್ಲಿ ಓದಿ, ಹಿಂದಿಯಲ್ಲಿ ಬಿಡಿಸಿದಳು. ಸೆರಗಿನ ಜಾಗಕ್ಕೆ ಬಂದಾಗ ಅಮ್ಮ ಕೈ ಎತ್ತಿ ನಿಲ್ಲಿಸಿದಳು.

"ನೈಟಿ ಹಾಕಿ ಕೂತವಳಿಗೆ ಸೆರಗು ಎಲ್ಲಿಂದ ಬಂತು ಮಾರಾಯ?"

ಮೊಮ್ಮಗಳು ನಕ್ಕಳು. ಅಮ್ಮ ನಗಲಿಲ್ಲ. ಹದಿನೈದು ವರ್ಷದಿಂದ ಮನೆಯಲ್ಲಿ ಅವಳು ಹಾಕುವುದು ನೈಟಿಯೇ. ಬಾಗಿಲಿಗೆ ಯಾರಾದರೂ ಬಂದರೆ ಮೇಲೊಂದು ಟವಲ್ಲು. ಹದಿನೈದು ವರ್ಷ ಕಣ್ಣಾರೆ ಕಂಡದ್ದನ್ನು ಬಿಟ್ಟು, ಅಳುವ ತಾಯಿ ಎಂದಕೂಡಲೇ ಸೆರಗು ತಂದು ಹೊದಿಸಿದ್ದೆ. ಅಕ್ಕ ಅವಳನ್ನು ಭಜನೆಗೆ ಕೂರಿಸಲು ನೋಡಿದಳು, ನಾನು ಕಣ್ಣೀರಿಗೆ ಕೂರಿಸಿದೆ. ಅವಳ ಕಿವಿಗೆ ಯಾವುದು ಬೀಳಬೇಕು ಎಂದು ನಾನೂ ತೀರ್ಮಾನಿಸಿದ್ದೆ. ಅಕ್ಕ ಕನಿಷ್ಠ ಬಾಯಿಬಿಟ್ಟು ಹೇಳುತ್ತಿದ್ದಳು.

ಆ ಮಾತು ಅಳಿಸಿಬಿಡುತ್ತೇನೆ ಎಂದೆ. ಬೇಡ ಅಂದಳು. ಅದು ಅಲ್ಲೇ ಇರಲಿ, ಅದರ ಕೆಳಗೆ ನಾನು ಹೇಳಿದ್ದನ್ನು ಬರೆ, ಮಗ ಸುಳ್ಳು ಬರೆದಿದ್ದ ಅಂತಲೂ ಬರೆ. ಮೊಮ್ಮಗಳನ್ನು ನನ್ನ ಬೆನ್ನ ಹಿಂದೆ ನಿಲ್ಲಿಸಿದಳು, ಪರದೆ ಕಾಯುವುದಕ್ಕೆ.

ಅಮ್ಮ ಹೇಳಿದ್ದು ಹೀಗೆ. ಆ ತಾಯಿ ಹೋದದ್ದು ಸರಿ. ತಡವಾಗಿ ಹೋದಳು, ಗಂಡ ಸತ್ತ ವರ್ಷವೇ ಹೋಗಬೇಕಿತ್ತು. ಮಗ ಅಳುವುದನ್ನು ಅಷ್ಟು ಹೊತ್ತು ತೋರಿಸಿದ್ದು ದಂಡ, ಅವನಿಗೆ ಕೈಕಾಲು ಇದೆ. ಬಾಡಿಗೆ ಕೋಣೆಯಲ್ಲಿ ಅವಳು ಮಾಡಿದ ಮೊದಲ ಸಾರು ತೆಳ್ಳಗಿತ್ತು, ಅಳತೆ ತಪ್ಪಿದೆ, ಇಬ್ಬರ ಅಳತೆಯಿಂದ ಒಬ್ಬರ ಅಳತೆಗೆ ಬರಲು ಟೈಮು ಹಿಡಿಯುತ್ತದೆ.

ನಾನು ಟೈಪು ಮಾಡಿದೆ. ಒಂದು ಕಡೆ 'ಬಹುಶಃ' ಎಂದು ಸೇರಿಸಿದ್ದೆ. "ಮಾಮಾ, ಯೇ ಅಜ್ಜಿ ನೇ ನಹೀ ಬೋಲಾ" ಎಂದು ಹಿಂದಿನಿಂದ ದನಿ ಬಂತು. ತೆಗೆದೆ.

ಬರೆದು ಮುಗಿಸಿ, ಕೇಳಬಾರದು ಅಂದುಕೊಂಡೇ ಕೇಳಿದೆ. ನೀನೂ ಹೋಗುತ್ತೀಯಾ ಎಂದು.

"ಅದನ್ನು ನಾನು ಇನ್ನೂ ಯೋಚನೆ ಮಾಡಿಲ್ಲ. ಮಾಡಿದರೆ ನಾನೇ ಹೇಳುತ್ತೇನೆ. ನೀನು ಅದಕ್ಕೆ ಅರ್ಥ ಹೇಳಬೇಡ."

ಆಮೇಲೆ ಏನಾಯಿತು ಎಂದು ಅಂದವಾಗಿ ಮುಗಿಸುವಂಥದ್ದು ನನ್ನ ಹತ್ತಿರ ಇಲ್ಲ. ಅವಳು ಮನೆ ಬಿಟ್ಟಿಲ್ಲ. ಬಿಡುವುದಿಲ್ಲ ಎಂದೂ ಹೇಳಿಲ್ಲ. ತಿಂಗಳಲ್ಲಿ ಕೆಲವು ದಿನ ತಾನಾಗಿಯೇ ಸಾನಪಾಡಾಕ್ಕೆ ಹೋಗುತ್ತಾಳೆ, ಯಾವಾಗ ಬರುತ್ತೇನೆ ಎಂದು ಮೊದಲೇ ಹೇಳುವುದಿಲ್ಲ. ನಿನ್ನ ಧಾರಾವಾಹಿ ಅಮ್ಮನ ತಲೆ ಕೆಡಿಸಿತು ಎಂದು ಅಕ್ಕ ನನ್ನ ಮೇಲೆ ಹರಿಹಾಯುತ್ತಾಳೆ. ಕೆಡಿಸಿದ್ದರೆ ಒಳ್ಳೆಯದೇ ಆಯಿತು, ಇನ್ನೂ ಹದಿನಾರು ಧಾರಾವಾಹಿಗಳ ಪಟ್ಟಿ ಮಾಡಿಟ್ಟಿದ್ದೇನೆ ಎಂದು ನಾನು ಹೇಳುತ್ತೇನೆ.

ವೇದಿಕೆಯಲ್ಲಿ ಅಮ್ಮನ ಮಾತಿಗೆ ಈ ಸಲ ಮೆಚ್ಚುಗೆ ಕಡಿಮೆ. ಮೊದಲಿನ ಅಜ್ಜಿಯೇ ಚೆನ್ನಾಗಿದ್ದಳು ಎಂದರು ಕೆಲವರು. ಒಬ್ಬ ಮಾತ್ರ ಉದ್ದಕ್ಕೆ ಬರೆದಿದ್ದ. ತಾಯಿಗೆ ಇಷ್ಟು ಸ್ವಾರ್ಥ ಇರಬಾರದು, ಅಜ್ಜಿಗೆ ಆ ಮಗನ ನೋವು ಅರ್ಥವಾಗಿಲ್ಲ ಎಂದು. ನಾನು ಅದನ್ನು ಓದಿ ಹೇಳಿದೆ, ಮೆತ್ತಗೆ ಮಾಡದೆ. ಅಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಟ್ಟೆ ಬದಿಗಿಟ್ಟಳು.

"ಇವನ ತಾಯಿ ಇದ್ದಾಳಾ ಕೇಳು. ಇದ್ದರೆ ಅವಳ ಹತ್ತಿರ ಮಾತಾಡಬೇಕು ನನಗೆ."

ಅಷ್ಟನ್ನೇ ಬರೆದೆ.